ಅವ್ವನಿಗೆ ಕಳಿಸಿದ ಫೋಟೋ

ಮುಖ ಕಾಣುವ ಫೋಟೋ ತೆಗೆಯಬಾರದು. ಹೆಸರು ಹೇಳಬಾರದು. ಊರು ಹೇಳಬಾರದು. ಸಿಡ್ನಿಯ ಎಪ್ಪಿಂಗ್‌ನ ನಮ್ಮ ಚರ್ಚ್ ಹಾಲ್‌ನ ಗೋಡೆಯ ಮೇಲಿರುವ ಈ ನಿಯಮಗಳನ್ನು ಬರೆದವಳು ನಾನೇ. ಟೈಪ್ ಮಾಡಿ, ಲ್ಯಾಮಿನೇಟ್ ಮಾಡಿಸಿ, ಸ್ಟೂಲ್ ಹತ್ತಿ ಅಂಟಿಸಿದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೊತ್ತಿಲ್ಲದೆ ಆಗಿಹೋಯಿತು ಅಂತ ಜಾರಿಕೊಳ್ಳಲು ನನಗೆ ದಾರಿ ಇಲ್ಲ.

ಆ ಚರ್ಚ್‌ನಲ್ಲಿ ನನ್ನದು ಅರೆಕಾಲಿಕ ಕೆಲಸ. ಇಂಗ್ಲಿಷ್ ಆಡುವ ಭಕ್ತರ ಸಭೆ, ಇಟ್ಟಿಗೆಯ ಹಳೇ ಕಟ್ಟಡ, ದೊಡ್ಡ ಹಾಲ್, ವಯಸ್ಸಾಗುತ್ತಿರುವ ಸದಸ್ಯರು. ಸುತ್ತಲೂ ಎದ್ದಿರುವ ಅಪಾರ್ಟ್‌ಮೆಂಟ್‌ಗಳ ತುಂಬ ನಮ್ಮ ದೇಶದವರು, ಇಲ್ಲವೇ ಚೀನಾದವರು. ಚೀನೀಯರ ಮನೆಗಳಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದ ಅಜ್ಜ ಅಜ್ಜಿಯರು ಬಹಳ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಮಗುವಿನ ಗಾಡಿ ತಳ್ಳಿಕೊಂಡು ಪಾರ್ಕ್‌ಗೆ ಹೋಗುವುದು ಬಿಟ್ಟರೆ ಬೇರೆ ದಾರಿಯಿಲ್ಲ. ನಮ್ಮ ಹತ್ತಿರ ಹಾಲ್ ಇತ್ತು, ಅವರ ಚೀನೀ ಭಾಷೆ ಮ್ಯಾಂಡರಿನ್ ಆಡುವವರಿರಲಿಲ್ಲ. ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಒಂದು ಚೀನೀ ಸಭೆಗೆ ಜನರಿದ್ದರು, ಬೋಧಕರಿದ್ದರು, ಸಿಡ್ನಿಯಲ್ಲಿ ಕಾಲೂರಲು ಜಾಗವಿರಲಿಲ್ಲ. ಎರಡೂ ಸಭೆ ಸೇರಿ ಎಪ್ಪಿಂಗ್‌ನಲ್ಲಿ ಮ್ಯಾಂಡರಿನ್ ಕೂಟ ಶುರು ಮಾಡಬೇಕೆಂದಾಯಿತು. ಎರಡರ ನಡುವೆ ಓಡಾಡುವ ಕೆಲಸ ನನ್ನದು.

ಕರಾರು ಬರೆಯಲು ಮೆಲ್ಬರ್ನ್‌ಗೆ ಹೋದದ್ದು ನಾನು ಮತ್ತು ನಮ್ಮ ಮಿಷನ್ ಕಮಿಟಿಯ ಚೇರ್ಮನ್. ಚೇರ್ಮನ್ ನಿವೃತ್ತ ಎಂಜಿನಿಯರ್, ಬಿಳಿಯ ತಾತ. ಮನಸ್ಸು ಬೆಣ್ಣೆ, ಗಂಟಲು ಮಾತ್ರ ಡಂಗುರ. ಆ ಕಡೆಯಿಂದ ಕೂತವರು ಅವರ ಪಾಸ್ಟರ್, ನನಗಿಂತ ಸ್ವಲ್ಪ ದೊಡ್ಡ ಹೆಂಗಸು. ನಮ್ಮ ಕಡೆ ಪಾಸ್ಟರಮ್ಮ ಅಂದರೆ ಪಾಸ್ಟರ್ ಹೆಂಡತಿ. ಇವರು ತಾವೇ ಪಾಸ್ಟರ್. ಕೀಲಿಕೈ ಯಾರ ಬಳಿ, ಉಪದೇಶಕ್ಕೆ ಮೆಲ್ಬರ್ನ್‌ನಿಂದ ಯಾವ ಭಾನುವಾರ ಬರುತ್ತಾರೆ, ಉಳಿದ ವಾರ ವಿಡಿಯೋ ಹೇಗೆ ಎಂದು ಒಂದೊಂದಾಗಿ ಮುಗಿಯಿತು. ದೀಕ್ಷಾಸ್ನಾನ ಪಡೆದವರನ್ನು ಯಾವ ಸಭೆಯ ಸದಸ್ಯರೆಂದು ಎಣಿಸಬೇಕು ಅನ್ನುವುದಕ್ಕೆ ಮಧ್ಯಾಹ್ನವೆಲ್ಲ ಹೋಯಿತು. ಕೊನೆಗೆ ಫೋಟೋ ವಿಷಯ ಬಂತು.

"ವರ್ಷಕ್ಕೊಂದ್ಸಲ ನಮ್ಮಲ್ಲಿ ಮಿಷನ್ ಸಂಡೇ ಇರುತ್ತೆ, ಇಂಥ ಕೆಲಸದ ವರದಿ ಸಭೆ ಮುಂದೆ ಇಡಬೇಕು. ಮುಖ ನೋಡಿದ್ರೆ ಜನರ ಮನಸ್ಸು ಕರಗುತ್ತೆ. ಒಂದೆರಡಾದ್ರೂ ಫೋಟೋ ಬೇಕಲ್ವಾ?" ಎಂದರು ಚೇರ್ಮನ್.

"ಈ ಮುಖಗಳು ಊರಿಗೆ ವಾಪಸ್ ಹೋಗಬೇಕು," ಎಂದರು ಪಾಸ್ಟರ್. ಅಷ್ಟೇ.

ಚೇರ್ಮನ್ ಮತ್ತೆ ಬಾಯಿ ತೆರೆದರು. ನಾನು ಸುಮ್ಮನಿರುವ ಜಾತಿಯವಳಲ್ಲ. ಚೀನಾದ ಸರ್ಕಾರಕ್ಕೆ ಚರ್ಚ್ ಅಂದರೆ ಅನುಮಾನ, ಅಲ್ಲಿ ನೌಕರಿಯಲ್ಲಿರುವ ಮಕ್ಕಳಿದ್ದಾರೆ, ಪಿಂಚಣಿ ಇದೆ, ಕೇಳಿದವರಿಗೆಲ್ಲ ಉತ್ತರ ಹೇಳಬೇಕಾದವರು ಅವರೇ ಹೊರತು ನಾವಲ್ಲ ಎಂದು ಅವರ ಬಾಯಿ ಮುಚ್ಚಿಸಿದೆ. ಪಾಸ್ಟರ್ ನನ್ನ ಕಡೆ ತಿರುಗಿ ಸಣ್ಣಗೆ ತಲೆಬಾಗಿದರು. ವಾಪಸ್ ಬರುವಾಗ ವಿಮಾನದಲ್ಲಿ ನನ್ನ ಎದೆ ಒಂದು ಗೇಣು ಉಬ್ಬಿತ್ತು.

ಕೂಟ ಶುರುವಾಯಿತು. ಮೊದಲ ವಾರಗಳು ಪಜೀತಿಯೇ. ಮೆಲ್ಬರ್ನ್‌ನಿಂದ ವಿಡಿಯೋದಲ್ಲಿ ಬರುವ ಹಾಡು ಇಲ್ಲಿಗೆ ತಲುಪುವಷ್ಟರಲ್ಲಿ ಅರ್ಧ ಸಾಲು ಹಿಂದೆ ಬಿದ್ದಿರುತ್ತಿತ್ತು. ಅವರು ಆಮೆನ್ ಅಂದಾಗ ನಮ್ಮವರು ಇನ್ನೂ ಪಲ್ಲವಿಯಲ್ಲಿ. ಕೇಬಲ್ ಬದಲಾಯಿಸಿದೆ, ಸ್ಪೀಕರ್ ಬದಲಾಯಿಸಿದೆ, ಮನೆಯಲ್ಲಿದ್ದ ನನ್ನ ಗಂಡನನ್ನು ಫೋನಿನಲ್ಲಿ ಬೈದೆ. ಏನೂ ಆಗಲಿಲ್ಲ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಬಂದರು, ಧ್ವನಿಯ ಬಟನ್ ತೋರಿಸಿ ಆರಿಸು ಎಂದು ಸನ್ನೆ ಮಾಡಿದರು, ಪೆನ್ ಹಿಡಿದು ತಾಳ ಹಾಕುತ್ತ ತಾವೇ ಹಾಡಿಸಿದರು.

ಅವರು ಊರಲ್ಲಿ ಹೈಸ್ಕೂಲಿನ ಕೆಮಿಸ್ಟ್ರಿ ಟೀಚರ್ ಆಗಿದ್ದವರು. ಮಗಳ ಕೂಸನ್ನು ನೋಡಿಕೊಳ್ಳಲು ಬಂದಿದ್ದರು. ನಾನು ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆ. ಬುಧವಾರದ ಇಂಗ್ಲಿಷ್ ಕ್ಲಾಸಿಗೂ ಬರುತ್ತಿದ್ದರು. ಅವರ ನಾಲ್ಕು ಮಾತು ಇಂಗ್ಲಿಷ್, ಫೋನಿನ ಅನುವಾದದ ಆಪ್, ಬಾಕಿ ಕೈಸನ್ನೆ. ಇಷ್ಟರಲ್ಲೇ ನಮ್ಮ ಹರಟೆ ಸಾಗುತ್ತಿತ್ತು. ಊರಲ್ಲಿ ಒಬ್ಬ ಮಗನಿದ್ದ, ಸರ್ಕಾರಿ ನೌಕರಿ. ತಾಯಿ ಚರ್ಚ್‌ಗೆ ಹೋಗುವುದು ಅವನಿಗೆ ಗೊತ್ತಿರಲಿಲ್ಲ.

ಟೀಚರ್ ದೀಕ್ಷಾಸ್ನಾನ ಕೇಳಿದಾಗ ಮೆಲ್ಬರ್ನ್ ಪಾಸ್ಟರ್ ಅವಸರ ಮಾಡಲಿಲ್ಲ. ಮನೆಗೆ ಹೋಗಿ ಕೂತರು, ಮಗಳ ಜೊತೆ ಮಾತಾಡಿದರು, ಊರಲ್ಲಿ ಏನಾಗಬಹುದು ಎಂದು ಬಿಡಿಸಿ ಹೇಳಿದರು. ಟೀಚರ್ ಒಂದೇ ಮಾತು ಕೇಳಿಕೊಂಡರು. ಮಗನಿಗೆ ತಾನೇ ಹೇಳಬೇಕು, ಎದುರಿಗೆ ಕೂತು ಹೇಳಬೇಕು. ಅಲ್ಲಿಯವರೆಗೆ ಯಾರಿಗೂ ಗೊತ್ತಾಗಬಾರದು.

ಆ ಭಾನುವಾರ ಹಾಲ್‌ನಲ್ಲಿ ಬಾಡಿಗೆಯ ತೊಟ್ಟಿ ಇಟ್ಟು ಪೈಪ್ ಹಾಕಿ ನೀರು ತುಂಬಿಸಿದೆವು. ತೊಟ್ಟಿಯ ಹೀಟರ್ ಕೈಕೊಟ್ಟಿತು. ಚಳಿಗಾಲ. ಅಡುಗೆಮನೆಯಿಂದ ಕೆಟಲ್ ಮೇಲೆ ಕೆಟಲ್ ಬಿಸಿನೀರು ಹೊತ್ತು ಸುರಿದೆವು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ನೀರು ಐಸ್ ಐಸ್. ಟೀಚರ್ ಬಿಳಿ ಅಂಗಿಯಲ್ಲಿ ಇಳಿದರು, ಪಾಸ್ಟರ್ ಮುಳುಗಿಸಿ ಎತ್ತಿದರು, ಮೇಲೆ ಬಂದ ಟೀಚರ್ ನಡುಗುತ್ತ ಬಾಯ್ತುಂಬ ನಕ್ಕರು. ಯಾವ ದೊಡ್ಡವರೂ ಹಾಗೆ ನಗುವುದನ್ನು ನಾನು ಕಂಡಿಲ್ಲ. ಟವೆಲ್ ಹಿಡಿದು ನಿಂತವಳು ನಾನು. ಇನ್ನೊಂದು ಕೈಯಲ್ಲಿ ಫೋನ್ ಇತ್ತು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾಗ ಒಂದೇ ಒಂದು ತೆಗೆದೆ. ನನಗೋಸ್ಕರ ಎಂದುಕೊಂಡೆ.

ಸಂಜೆ ಹುಬ್ಬಳ್ಳಿಯಲ್ಲಿರುವ ನಮ್ಮವ್ವ ಫೋನ್ ಮಾಡಿದಳು. ಕೂಟ ಶುರುವಾದಂದಿನಿಂದ ಅವಳದು ಒಂದೇ ಪ್ರಶ್ನೆ: "ನಿನ್ನ ಚೀನಾದ ಮಂದಿ ಹ್ಯಾಂಗದಾರ?" ಅವಳು ದಿನಾ ಬೆಳಿಗ್ಗೆ ಅವರಿಗಾಗಿ ಮೊಣಕಾಲೂರುತ್ತಾಳೆ. ಮಂಡಿನೋವಿದ್ದರೂ ಊರುತ್ತಾಳೆ. ಅವಳಿಗೆ ಹೇಳದೆ ಇರಲಾಗಲಿಲ್ಲ. ಟೀಚರ್ ಹೆಸರು ಹೇಳಿದೆ, ಊರು ಹೇಳಿದೆ, ಮಗನ ನೌಕರಿ ಹೇಳಿದೆ. ಪ್ರಾರ್ಥನೆ ಮಾಡುವವರಿಗೆ ಹೆಸರು ಬೇಡವೇ? ನಮ್ಮ ಕಡೆ ಸಭೆಯಲ್ಲಿ ಎದ್ದು ನಿಂತು, ಇಂಥವರ ಮಗಳಿಗೆ ಇಂಥ ಕಾಯಿಲೆ, ಇಂಥ ವಾರ್ಡ್, ಇಂಥ ಬೆಡ್ ಎಂದು ಹೇಳಿಯೇ ನಾವು ದೇವರನ್ನು ಕೇಳುವುದು. ಫೋನ್ ಇಟ್ಟ ಮೇಲೆ ಫೋಟೋನೂ ಕಳಿಸಿದೆ. ಅವ್ವನಿಗೆ ಕಳಿಸುವುದು ಹೊರಗೆ ಕಳಿಸಿದಂತೆ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಚೇರ್ಮನ್ ಅದೇ ಫೋಟೋ ತೆಗೆದಿದ್ದರೆ ಅವರ ಜನ್ಮ ಜಾಲಾಡುತ್ತಿದ್ದೆ.

ಕೆಲವು ದಿನ ಕಳೆದ ಮೇಲೆ ಮೆಲ್ಬರ್ನ್ ಪಾಸ್ಟರ್ ಫೋನ್ ಮಾಡಿದರು. ಅವರು ಮೆಸೇಜ್ ಮಾಡುವವರು, ಫೋನ್ ಮಾಡುವವರಲ್ಲ. ಅವರ ಸಭೆಯ ಒಬ್ಬಾಕೆ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ. ಜೊತೆಗೆ ಕೆಲಸ ಮಾಡುವ ಇಂಡಿಯನ್ ಆಂಟಿಯೊಬ್ಬರು ಊಟದ ಹೊತ್ತಿಗೆ, ನಿನಗೆ ಖುಷಿಯಾಗುತ್ತೆ ನೋಡು ಎಂದು ಫೋನ್ ತೋರಿಸಿದರಂತೆ. ಫೋನಿನಲ್ಲಿ ನಮ್ಮ ಟೀಚರ್. ಸುತ್ತ ಗುಲಾಬಿ ಹೂವಿನ ಚೌಕಟ್ಟು, ಕೆಳಗೆ ಯಾವುದೋ ದುಂಡಗಿನ ಲಿಪಿ. ಪಾಸ್ಟರ್ ಅದನ್ನು ನನಗೆ ಕಳಿಸಿದರು. ದುಂಡಗಿನ ಲಿಪಿ ಕನ್ನಡ. "ಹಿಂಸೆಯ ನಾಡಾದ ಚೀನಾದಲ್ಲಿ ಕರ್ತನನ್ನು ಒಪ್ಪಿಕೊಂಡ ಸಹೋದರಿ. ಸರ್ಕಾರಿ ನೌಕರನಾದ ಮಗನ ರಕ್ಷಣೆಗಾಗಿ ಪ್ರಾರ್ಥಿಸಿರಿ. ಇತರರಿಗೂ ಕಳುಹಿಸಿರಿ." ಮೇಲೆ ದಪ್ಪಕ್ಷರದಲ್ಲಿ ಹೆಸರು, ಊರು.

"ನಿಮ್ಮ ಕಮಿಟಿಯವರು ಯಾರೋ ತೆಗೆದಿರಬೇಕು," ಎಂದರು ಪಾಸ್ಟರ್. "ನೀವಲ್ಲ ಅಂತ ನಂಗೊತ್ತು. ಯಾರು ಅಂತ ವಿಚಾರಿಸ್ತೀರಾ?"

ನೆಲ ಬಾಯಿಬಿಟ್ಟರೆ ಸಾಕು, ಇಳಿದುಬಿಡುತ್ತಿದ್ದೆ. "ವಿಚಾರಿಸ್ತೀನಿ," ಎಂದೆ. ಫೋಟೋ ಕಳಿಸಿದ್ದು ಮೈಮರೆತು, ಇದನ್ನು ಹೇಳಿದ್ದು ಎಚ್ಚರದಲ್ಲಿ.

ಅವ್ವನಿಗೆ ಫೋನ್ ಮಾಡಿದೆ. "ಯವ್ವಾ, ಆ ಫೋಟೋ ಯಾರಿಗೆ ಕಳಿಸೀದಿ?"

"ಯಾರಿಗೂ ಇಲ್ಲಬೇ. ನಮ್ಮ ಹೆಣ್ಮಕ್ಕಳ ಪ್ರಾರ್ಥನಾ ಗ್ರೂಪಿಗೆ ಅಷ್ಟ ಹಾಕೀನಿ."

"ನಾ ನಿನಗ ಕಳಿಸಿದ್ದವ್ವಾ, ನಿನಗೊಬ್ಬಾಕಿಗೆ!"

"ನಾ ಒಬ್ಬಾಕಿ ಮಾಡೂಕಿಂತ ನಾಕ್ ಮಂದಿ ಕೂಡಿ ಮಾಡಿದ್ರ ಚಲೋ ಅಲ್ಲೇನ? ಎಲ್ಲಾರೂ ಅಕಿ ಸಲುವಾಗಿ ಉಪವಾಸ ಮಾಡ್ಯಾರ. ಯಾಕ, ಏನಾತು?"

ಏನಾಯಿತು ಎಂದು ಹೇಳಿದೆ. ಅವ್ವ, "ನೀ ಹೇಳಬೇಕಿತ್ತಲ್ಲಬೇ, ಯಾರಿಗೂ ತೋರಿಸಬ್ಯಾಡಂತ," ಎಂದಳು. ಹೌದು, ಹೇಳಬೇಕಿತ್ತು. ಗೋಡೆಗೆ ಹೇಳಿದ್ದೆ, ಅವ್ವನಿಗೆ ಹೇಳಿರಲಿಲ್ಲ.

ಮೂರು ದಿನ ಅದೇ ಕೆಲಸ. ಗ್ರೂಪಿನ ಸೆಕ್ರೆಟರಿಗೆ ಫೋನ್ ಮಾಡಿದೆ. ಪಾಪ, ಹೆದರಿ ತಕ್ಷಣ ಅಳಿಸಿದರು. ಅವರಿಂದ ಗದಗಿನ ಅಕ್ಕನೊಬ್ಬಳು ಸಿಕ್ಕಳು. ಹೂವಿನ ಚೌಕಟ್ಟು ಅವಳ ಕೈಚಳಕ. ತೆಗೆಯುತ್ತೇನೆ ಎಂದಳು, ಆದರೆ ಎಷ್ಟು ಗ್ರೂಪಿಗೆ ಹೋಗಿದೆಯೋ ಅವಳಿಗೇ ನೆನಪಿರಲಿಲ್ಲ. ಧರ್ಮಪ್ರಚಾರ ಮಾಡುವ ಒಬ್ಬ ಸುವಾರ್ತಿಕರು ಅದನ್ನು ತಮ್ಮ ಯೂಟ್ಯೂಬ್ ಚಾನೆಲ್‌ಗೆ ಏರಿಸಿದ್ದರು. "ಏನ್ರಿ ಸಿಸ್ಟರ್, ಪ್ರಾರ್ಥನಾಕ್ಕ ಅಡ್ಡಿ ಮಾಡ್ತೀರೇನ? ಈ ಸಾಕ್ಷಿ ನೋಡಿ ಎಷ್ಟ್ ಮಂದಿ ಕಣ್ಣೀರ್ ಹಾಕ್ಯಾರ ಗೊತ್ತೈತೇನ?" ಎಂದು ನನಗೇ ಉಪದೇಶ ಮಾಡಿದರು. ಕಾಲಿಗೆ ಬೀಳುತ್ತೇನೆ ಅಣ್ಣಾ ಎಂದ ಮೇಲೆ ತೆಗೆದರು. ಬೀದರಿನ ಕಡೆ ಹೋದದ್ದು, ದುಬೈಗೆ ಹೋದದ್ದು ಕೈಗೆ ಸಿಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಒಡೆದ ಮುತ್ತಿನ ಚೂರಾದರೂ ಒಂದು ಕಡೆ ಬಿದ್ದಿರುತ್ತದೆ.

ನಮ್ಮ ಸೀನಿಯರ್ ಪಾಸ್ಟರ್‌ಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಚೀನಾದಲ್ಲಿ ಯಾರಿಗೆ ಕನ್ನಡ ಬರುತ್ತೆ?" ಎಂದರು. "ಸಿಕ್ಕಿದ್ದನ್ನೆಲ್ಲ ಅಳಿಸಿದ್ದೀರಿ. ಆಕೆ ಇನ್ನು ಸ್ವಲ್ಪ ದಿನದಲ್ಲಿ ಊರಿಗೆ ಫ್ಲೈಟ್ ಹತ್ತುತ್ತಾರೆ. ಈಗ ಹೇಳಿ ಆ ವಯಸ್ಸಾದವರನ್ನ ಯಾಕೆ ಹೆದರಿಸ್ತೀರಿ? ಮೆಲ್ಬರ್ನ್‌ನವರಿಗೆ ನಾನು ಮಾತಾಡ್ತೀನಿ. ನಮ್ಮ ಕಡೆಯಿಂದ ತಪ್ಪಾಯ್ತು, ಸರಿಮಾಡಿದ್ವಿ ಅಂತ."

ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು. ನಮ್ಮ ಕಡೆಯಿಂದ! ಆ ಒಂದು ಪದದಲ್ಲಿ ಇಡೀ ಸಭೆಯ ಬೆನ್ನ ಹಿಂದೆ ನಾನು ಅಡಗಿಕೊಳ್ಳಬಹುದಿತ್ತು.

ಮರುದಿನ ಬುಧವಾರದ ಕ್ಲಾಸ್. ಅಂದಿನ ಪಾಠ ಊರಿಗೆ ಹೋಗುವ ಮಾತು: ಟಿಕೆಟ್, ಲಗೇಜ್, ಏರ್‌ಪೋರ್ಟ್. ಟೀಚರ್ ನನ್ನ ಪಕ್ಕ ಬಂದು ಕೂತರು. ಊರು ಮುಟ್ಟಿದ ಮೇಲೆ ಮಗನಿಗೆ ಹೇಗೆ ಹೇಳುತ್ತೇನೆ ಎಂದು ನನಗೆ ವಿವರಿಸಬೇಕಿತ್ತು ಅವರಿಗೆ. ಆಪ್‌ಗೆ ಒಂದಿಷ್ಟು ಹೇಳಿದರು, ಸಾಲದ್ದಕ್ಕೆ ಕೈಯಲ್ಲಿ ಹಿಟ್ಟು ನಾದಿ ಎಳೆದು ತೋರಿಸಿದರು. ಮೊದಲ ದಿನ ಹೇಳುವುದಿಲ್ಲ, ಅವನು ಸುಸ್ತಾಗಿರುತ್ತಾನೆ. ರಜೆಯ ದಿನ ಕೈಯಾರೆ ನೂಡಲ್ಸ್ ಎಳೆದು ಉಣ್ಣಿಸುತ್ತೇನೆ. ಹೊಟ್ಟೆ ತುಂಬಿದ ಮೇಲೆ ಅವನಿಗೆ ಕೋಪ ಬರುವುದಿಲ್ಲ, ಚಿಕ್ಕಂದಿನಿಂದಲೂ ಹಾಗೇ. ಆಗ ಹೇಳುತ್ತೇನೆ. ಇಷ್ಟು ಹೇಳಿ ನನ್ನ ಮುಖ ನೋಡಿದರು, ಹೇಗಿದೆ ನನ್ನ ಪ್ಲಾನ್ ಎಂಬಂತೆ.

ನಾನು ಗುಡ್, ವೆರಿ ಗುಡ್ ಎಂದೆ. ಎಂದು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅವರು ಉಣ್ಣಿಸುವುದಕ್ಕೆ ಮೊದಲೇ ಅವನ ಫೋನಿಗೆ ಆ ಹೂವಿನ ಚೌಕಟ್ಟು ಹೋಗಿಬಿಟ್ಟರೆ? ಹೋಗದೆಯೂ ಇರಬಹುದು. ಆದರೆ ಈ ಜೂಜಿನಲ್ಲಿ ಪಣಕ್ಕಿದ್ದವರು ಅವರು, ಆಡುತ್ತಿದ್ದವರು ನಾವು. ಅಲ್ಲಿಂದಲೇ ಮೆಲ್ಬರ್ನ್‌ಗೆ ಫೋನ್ ಮಾಡಿದೆ.

"ವಿಚಾರಿಸ್ತೀನಿ ಅಂದಿದ್ನಲ್ಲ ಪಾಸ್ಟರ್. ವಿಚಾರಿಸೋದೇನೂ ಇರಲಿಲ್ಲ. ನಾನೇ."

ಪಾಸ್ಟರ್, "ಟೀಚರ್‌ಗೆ ಹೇಳಿದ್ರಾ?" ಎಂದರು. ಇಲ್ಲ, ಹೇಳಬೇಕು ಎಂದೆ.

"ಒಬ್ಬರೇ ಹೋಗಬೇಡಿ. ನಾಳೆ ನಾನು ಬರ್ತೀನಿ. ನೀವು ಹೇಳೋದನ್ನ ಚಂದ ಮಾಡದೆ ಅನುವಾದ ಮಾಡೋರು ಬೇಕು."

ಸೀನಿಯರ್ ಪಾಸ್ಟರ್‌ಗೆ ತಿಳಿಸಿದೆ. ಅವರಿಗೆ ಸಮಾಧಾನವಿರಲಿಲ್ಲ, ಆದರೆ ತಡೆಯಲಿಲ್ಲ.

ಮಗಳ ಅಪಾರ್ಟ್‌ಮೆಂಟ್. ಮಗು ಮಲಗಿತ್ತು, ಮಗಳು ರಜೆ ಹಾಕಿ ಮನೆಯಲ್ಲಿದ್ದಳು. ಟೀಚರ್ ಕಿತ್ತಳೆ ಹಣ್ಣು ಬಿಡಿಸಿ ತಟ್ಟೆಯಲ್ಲಿಟ್ಟರು. ನಾನು ಮುಟ್ಟಲಿಲ್ಲ. ಒಂದೊಂದು ವಾಕ್ಯ ಹೇಳಿ ನಿಲ್ಲಿಸಿದೆ, ಪಾಸ್ಟರ್ ಒಂದೊಂದು ವಾಕ್ಯ ದಾಟಿಸಿದರು. ಫೋಟೋ ತೆಗೆದೆ. ನನ್ನ ತಾಯಿಗೆ ಕಳಿಸಿದೆ. ಹೆಸರು ಹೇಳಿದೆ. ಊರು ಹೇಳಿದೆ. ಪಾಸ್ಟರ್ ಕೇಳಿದಾಗ ಮುಚ್ಚಿಟ್ಟೆ. ತಾವು ಮೋಸಹೋದದ್ದನ್ನೂ ಪಾಸ್ಟರ್ ಧ್ವನಿ ಏರಿಳಿಯದಂತೆ ಹೇಳಿದರು.

ಮಗಳು ಇಂಗ್ಲಿಷ್‌ನಲ್ಲಿ ನನ್ನ ಮೇಲೆ ಹರಿಹಾಯ್ದಳು. "ಅಣ್ಣನ ಕೆಲಸ ಹೋದ್ರೆ ನೀವು ಕೊಡ್ತೀರಾ? ನಿಮ್ಮ ಚರ್ಚ್ ಕೊಡುತ್ತಾ?" ಕೇಳಬೇಕಾದ್ದೇ ಕೇಳಿದಳು.

ಟೀಚರ್ ಅವಳ ಮೊಣಕೈ ಮುಟ್ಟಿ ಸುಮ್ಮನಾಗಿಸಿದರು. ನನ್ನನ್ನು ಪ್ರಶ್ನೆ ಕೇಳತೊಡಗಿದರು, ಲ್ಯಾಬಿನಲ್ಲಿ ಏನೋ ಚೆಲ್ಲಿದೆ ಎಂದಾಗ ಕೇಳುವ ಹಾಗೆ. ಎಲ್ಲೆಲ್ಲಿಗೆ ಹೋಗಿದೆ? ಎಷ್ಟು ಉಳಿದಿದೆ? ಅಕ್ಷರ ಯಾವ ಭಾಷೆಯದು? ಫೋನಿನ ಆಪ್ ಆ ಭಾಷೆಯನ್ನು ಓದುತ್ತದೆಯೇ? ಓದುತ್ತದೆ ಎಂದೆ. ಕೊನೆಗೆ ಫೋಟೋ ತೋರಿಸು ಎಂದರು. ಕನ್ನಡಕ ಹಾಕಿಕೊಂಡು ತಮ್ಮ ನಗುಮುಖವನ್ನು ನೋಡಿದರು. ಏನನ್ನೋ ಹೇಳಿದರು.

"ನಾನು ಇಷ್ಟು ಮುದುಕಿ ಆಗಿದ್ದೀನಾ ಅಂತ ಕೇಳ್ತಿದ್ದಾರೆ," ಎಂದರು ಪಾಸ್ಟರ್.

ಆಮೇಲೆ ಟೀಚರ್ ಎದ್ದು ತಲೆ ಬಾಚಿಕೊಂಡರು. ಮೇಜಿನ ಮೇಲಿದ್ದ ತಟ್ಟೆ ಸರಿಸಿ ಫೋನ್ ನಿಲ್ಲಿಸಿ ಮಗನಿಗೆ ವಿಡಿಯೋ ಕಾಲ್ ಮಾಡಿದರು. ನಾನು ಹೊರಗೆ ಹೋಗಲು ಎದ್ದೆ. ಕೂತುಕೋ ಎಂದು ಕೈ ತೋರಿಸಿದರು. ಮಗ ಆಫೀಸಿನ ಮೆಟ್ಟಿಲ ಬಳಿ ಬಂದು ನಿಂತು ಮಾತಾಡಿದ. ತೆಳ್ಳಗಿನ ಮುಖ, ಅಮ್ಮನದೇ ಹುಬ್ಬು. ಟೀಚರ್ ಮೊದಲು ಉಂಡೆಯಾ ಎಂದು ಕೇಳಿದರಂತೆ. ಇಲ್ಲ ಎಂದನಂತೆ. ಆದರೂ ಶುರು ಮಾಡಿದರು, ಹೆಚ್ಚು ಹೊತ್ತೇನೂ ಮಾತಾಡಲಿಲ್ಲ. ಅವನು ಕೇಳಿಸಿಕೊಂಡ. ಮೆಟ್ಟಿಲ ಮೇಲೆ ಕೆಳಗೆ ನೋಡಿದ. ತೀರಾ ತಗ್ಗಿದ ದನಿಯಲ್ಲಿ ಒಂದೆರಡು ಮಾತಾಡಿ ಫೋನ್ ಇಟ್ಟ.

ಪಾಸ್ಟರ್ ನನಗೆ ಅನುವಾದಿಸಲಿಲ್ಲ. ಮಗಳೇ ಹೇಳಿದಳು. "ಈಗ ಬರಬೇಡ ಅಮ್ಮ ಅಂದ. ನಾನು ಹೇಳೋವರೆಗೆ ಬರಬೇಡ ಅಂದ."

ಟೀಚರ್ ಕಿತ್ತಳೆಯ ತಟ್ಟೆಯನ್ನು ಮತ್ತೆ ನನ್ನ ಮುಂದೆ ತಳ್ಳಿದರು. ಈ ಸಲ ಒಂದು ತೊಳೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ.

ಟಿಕೆಟ್ ರದ್ದಾಯಿತು. ಮಗಳು ವೀಸಾ ಮುಂದುವರಿಸಲು ಅರ್ಜಿ ಹಾಕಿದಳು. ನಾನು ಕೆಲಸ ಬಿಡುತ್ತೇನೆ ಎಂದು ಪತ್ರ ಕೊಟ್ಟೆ. ಮೆಲ್ಬರ್ನ್ ಪಾಸ್ಟರ್ ಒಪ್ಪಲಿಲ್ಲ. ನೀವು ಹೋದರೆ ನಿಮಗೆ ಹಗುರಾಗುತ್ತೆ, ನಮಗೇನಾಗುತ್ತೆ, ಎಂದರು. ಇನ್ನು ಮೇಲೆ ಊರಿಗೆ ಮರಳುವವರ ಹೆಸರನ್ನು ಅವರು ನನಗೂ ಹೇಳುವುದಿಲ್ಲ. ಅವ್ವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅತ್ತಳು. ಅತ್ತು ಮುಗಿಸಿ, "ಅಲ್ಲಬೇ, ದೇವರ ಅಕಿನ್ನ ಅಲ್ಲೇ ಇಟಗೊಂಡಾನ ಅಂತ ತಿಳ್ಕೊಬಾರದೇನ?" ಎಂದಳು. ಅವ್ವನ ಮೇಲೆ ಜೀವಮಾನದಲ್ಲಿ ಮೊದಲ ಸಲ ಕಿರುಚಿ ಫೋನ್ ಇಟ್ಟೆ. ಅದೂ ನನ್ನ ಲೆಕ್ಕಕ್ಕೇ ಸೇರಿತು.

ಕೆಲವು ವಾರದ ನಂತರ ಮಿಷನ್ ಸಂಡೇ ಬಂತು. ಎರಡೂ ಸಭೆಗಳು ಒಟ್ಟಿಗೆ ಕೂತಿದ್ದವು, ಚೀನೀಯರ ಕಿವಿಗೆ ಹೆಡ್‌ಫೋನ್. ಹಿಂದಿನ ಗಾಜಿನ ಕೋಣೆಯಿಂದ ಮೆಲ್ಬರ್ನ್ ಪಾಸ್ಟರ್ ಅನುವಾದ ಮಾಡುತ್ತಿದ್ದರು. ನಡೆದದ್ದೇನೆಂದು ಬಲ್ಲವರು ನಾವು ನಾಲ್ಕೈದು ಜನ ಮಾತ್ರ. ಟೀಚರ್ ಹಾಗೇ ಇರಲಿ ಎಂದಿದ್ದರು. ಚೇರ್ಮನ್‌ಗೂ ಗೊತ್ತಿರಲಿಲ್ಲ. ಅವರು ವೇದಿಕೆ ಹತ್ತಿ ವರದಿ ಓದಿದರು. ಮುಖವಿಲ್ಲ, ಹೆಸರಿಲ್ಲ, ಊರಿಲ್ಲ. ನಿಯಮ ಅಕ್ಷರಶಃ ಪಾಲಿಸಿದರು.

"ಒಂದು ಖುಷಿ ಸುದ್ದಿ," ಎಂದರು ತಮ್ಮ ದೊಡ್ಡ ಗಂಟಲಲ್ಲಿ. "ಊರಿಗೆ ಹೊರಟಿದ್ದ ನಮ್ಮ ಒಬ್ಬ ಪ್ರೀತಿಯ ಸಹೋದರಿ ಈಗ ನಮ್ಮ ಜೊತೇಲೇ ಉಳೀತಾರಂತೆ. ದೇವರು ನಮ್ಮ ಪ್ರಾರ್ಥನೆ ಕೇಳಿದಾನೆ!"

ಇಂಗ್ಲಿಷ್ ಕಡೆಯವರೆಲ್ಲ ಚಪ್ಪಾಳೆ ತಟ್ಟಿದರು. ಗಾಜಿನ ಕೋಣೆಯಲ್ಲಿ ಪಾಸ್ಟರ್ ಬಾಯಿ ಮುಚ್ಚಿ ಕೂತಿದ್ದರು, ಅನುವಾದ ನಿಂತಿತ್ತು. ಹೆಡ್‌ಫೋನಿನಲ್ಲಿ ಏನೂ ಬರುತ್ತಿಲ್ಲವೆಂದು ಟೀಚರ್ ಅದನ್ನು ಒತ್ತಿ ನೋಡಿದರು. ಸುತ್ತ ಎಲ್ಲರೂ ನಗುತ್ತ ತಟ್ಟುತ್ತಿದ್ದಾರೆ, ಯಾರಿಗೋ ಏನೋ ಒಳ್ಳೆಯದಾಗಿದೆ ಎಂದುಕೊಂಡರೇನೋ, ಅವರೂ ತಟ್ಟಿದರು. ತಟ್ಟುತ್ತ, ಏನಾಯಿತು ಎಂದು ಹುಬ್ಬೆತ್ತಿ ನನ್ನನ್ನು ಕೇಳಿದರು.

ನಾನು ಮುಗುಳ್ನಕ್ಕು ತಲೆಯಾಡಿಸಿದೆ. ಅವರ ಜೊತೆ ನಾನೂ ತಟ್ಟಿದೆ.